ಎಂಜಿನ್ನಿಗೆ ಚಳಿ ಆಗುತ್ತಂತೆ!

ಡಿಸೆಂಬರ್ ಬಂತು ಅಂದ್ರೆ ತಿತಿಮತಿಯಲ್ಲಿ ಕೋಳಿ ಕೂಗೋಕೆ ಮುಂಚೆ ಪಿಕಪ್ ಕೂಗುತ್ತೆ. ಆರು ಗಂಟೆಗೆ ಸ್ಟಾರ್ಟ್ ಮಾಡಿದ ಗಾಡಿ ಆರೂಕಾಲು ಆದರೂ ನಿಂತಲ್ಲೇ ಗುರುಗುಟ್ಟುತ್ತಾ ಇರುತ್ತೆ. ಯಾಕೆ ಅಂತ ಯಾವ ಡ್ರೈವರನ್ನು ಕೇಳಿದರೂ ಒಂದೇ ಉತ್ತರ: "ಎಂಜಿನ್ ಬಿಸಿ ಆಗ್ಬೇಕಲ್ಲ ಸಾರ್, ಚಳಿ ನೋಡಿ ಹೇಗುಂಟು!"

ಅದೇ ಗಾಡಿಯ ಹಿಂದಿನ ತೆರೆದ ಬಾಡಿಯಲ್ಲಿ ಕಾಫಿ ಕುಯ್ಲಿಗೆ ಹೊರಟ ಹತ್ತು ಹನ್ನೆರಡು ಜನ ತಲೆಗೆ ಟವೆಲ್ ಸುತ್ತಿಕೊಂಡು, ಖಾಲಿ ಚೀಲ ಹೊದ್ದುಕೊಂಡು ಮುದುರಿ ನಿಂತಿರ್ತಾರೆ. ಅವರೂ ಸ್ವಲ್ಪ ಬಿಸಿ ಆಗ್ಲಿ ಅಂತ ಮಾತ್ರ ಯಾರಿಗೂ ಅನ್ನಿಸೋದಿಲ್ಲ.

ನನ್ನ ತಕರಾರು ಇಷ್ಟೇ. ನಮ್ಮೂರಿನ ಚಳಿಗೆ ಎಂಜಿನ್ನಿಗೆ ಇಷ್ಟೆಲ್ಲ ಬಾಣಂತನ ಬೇಕಾಗಿಲ್ಲ. ಬೇಕಾಗಿರೋದು ಗಾಡಿಯಲ್ಲಿರೋ ಮನುಷ್ಯರಿಗೆ.

ಮೊದಲು ಎಂಜಿನ್ ವಿಷಯಕ್ಕೇ ಬರೋಣ. ನಮ್ಮ ಕಡೆ ತೀರಾ ತಣ್ಣಗಿನ ಬೆಳಗ್ಗೆ ಹತ್ತು ಡಿಗ್ರಿ ಅಂತಲೇ ಇಟ್ಕೊಳ್ಳಿ. ಡೀಸೆಲ್ ಗಾಡಿಗಳಿಗೆ ಸಾಮಾನ್ಯವಾಗಿ ಹಾಕೋ 15ಡಬ್ಲ್ಯೂ-40 ಆಯಿಲ್ ಇದೆಯಲ್ಲ, ಅದರ "15ಡಬ್ಲ್ಯೂ" ದರ್ಜೆ ಕೊಡೋವಾಗ ಚಳಿಯಲ್ಲಿ ಎಂಜಿನ್ ತಿರುಗಿಸೋಕೆ ಆಗುವಷ್ಟು ತೆಳ್ಳಗಿದೆಯಾ ಅಂತ ನೋಡೋದು ಮೈನಸ್ 20 ಡಿಗ್ರಿಯಲ್ಲಿ! ಹತ್ತು ಡಿಗ್ರಿ ಅಂದ್ರೆ ಅದಕ್ಕೆ ಬೇಸಿಗೆ ರಜೆ ಇದ್ದ ಹಾಗೆ. ಲಡಾಖ್ ಕಥೆ ಬೇರೆ. ಅಲ್ಲಿ ಟ್ಯಾಂಕಿನೊಳಗೆ ಡೀಸೆಲ್ಲೇ ಹೆಪ್ಪುಗಟ್ಟುತ್ತೆ. ಅದಕ್ಕೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33ರವರೆಗೂ ಹರಿಯೋ ಡೀಸೆಲ್ ತಂದಿದ್ದು. ಕೆನಡಾದ ಕಡೆ ರಾತ್ರಿಯಿಡೀ ಎಂಜಿನ್ನಿಗೆ ಬ್ಲಾಕ್ ಹೀಟರ್‌ನ ಪ್ಲಗ್ ಚುಚ್ಚಿಡ್ತಾರೆ. ಅಲ್ಲಿರೋ ಕನ್ನಡ ಬ್ಲಾಗಿಗರು ನಮ್ಮ ಹತ್ತು ಡಿಗ್ರಿ ಚಳಿ ಕೇಳಿ ಈಗಾಗಲೇ ನಗ್ತಿರಬೇಕು :-)

ಇನ್ನು ಹೀಗೆ ನಿಲ್ಲಿಸಿ ಬಿಟ್ಟರೆ ಎಂಜಿನ್ ಬೇಗ ಬಿಸಿಯಾದ್ರೂ ಆಗುತ್ತಾ? ಅದೂ ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಐಡ್ಲಿಂಗ್‌ನಲ್ಲಿ ಎಂಜಿನ್ನಿಗೆ ಕೆಲಸ ಇಲ್ಲ, ಒಳಗೆ ಹೋಗೋ ಡೀಸೆಲ್ ಚೂರೇ ಚೂರು, ಹುಟ್ಟೋ ಶಾಖವೂ ಅಷ್ಟೇ. ತಣ್ಣಗಿನ ಸಿಲಿಂಡರಿನಲ್ಲಿ ಅರೆಬರೆ ಉರಿದದ್ದು ಮಸಿಯಾಗುತ್ತೆ, ಉರಿಯದೆ ಉಳಿದದ್ದು ಗೋಡೆ ಹಿಡಿದು ಇಳಿದು ಆಯಿಲ್ ಜೊತೆ ಸೇರುತ್ತೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಗಾಡಿಯಾದರೆ ಆ ಮಸಿಯನ್ನೆಲ್ಲ ಡಿಪಿಎಫ್ ಫಿಲ್ಟರ್ ಹಿಡಿದಿಟ್ಟುಕೊಳ್ಳಬೇಕು. ಅದು ಕಟ್ಟಿಕೊಂಡರೆ ಮುಂದೆ ಗ್ಯಾರೇಜಿನವರಿಗೇ ಹಬ್ಬ. ಗೇರ್‌ಬಾಕ್ಸ್, ಹಿಂದಿನ ಡಿಫರೆನ್ಷಿಯಲ್ ಆಯಿಲ್‌ಗಳಂತೂ ಚಕ್ರ ಉರುಳದೆ ಬಿಸಿಯಾಗೋದೇ ಇಲ್ಲ.

ಮಾಡಬೇಕಾದ್ದು ಬಹಳ ಸುಲಭ. ಕೀ ತಿರುಗಿಸಿ, ಗ್ಲೋ ಪ್ಲಗ್‌ನ ಸುರುಳಿ ದೀಪ ಆರೋವರೆಗೆ ಕಾಯಿರಿ. ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಡಿ. ಆಮೇಲೆ ಹೊರಡಿ. ಮೊದಲ ಮೂರ್ನಾಲ್ಕು ಕಿಲೋಮೀಟರ್ ಆಕ್ಸಿಲರೇಟರ್ ಜೋರಾಗಿ ತುಳಿಯಬೇಡಿ. ಮುಗೀತು.

"ಕಂಪ್ಯೂಟರ್ ಕುಟ್ಟೋನಿಗೆ ಗಾಡಿ ಬಗ್ಗೆ ಏನು ಗೊತ್ತು" ಅಂತೀರಾ? ನನ್ನ ಮಾತು ನಂಬಲೇಬೇಡಿ. ಒಂದು ದಿನ ಹತ್ತು ನಿಮಿಷ ನಿಲ್ಲಿಸಿಯೇ ಬಿಟ್ಟು ಟೆಂಪರೇಚರ್ ಮುಳ್ಳು ಎಲ್ಲಿಗೆ ಬಂತು ನೋಡಿ. ಇನ್ನೊಂದು ದಿನ ಒಂದೇ ನಿಮಿಷಕ್ಕೆ ಹೊರಟು, ಹತ್ತು ನಿಮಿಷ ಓಡಿಸಿ ನೋಡಿ. ಮುಳ್ಳು ಸುಳ್ಳು ಹೇಳೋದಿಲ್ಲ.

ಈಗ ಕ್ಯಾಬಿನ್. ಎಂಜಿನ್ ತಣ್ಣಗಾಗಲಿ ಅಂತ ಸುತ್ತೋ ಕೂಲಂಟ್ ಎಂಬತ್ತು ಡಿಗ್ರಿ ದಾಟಿರುತ್ತೆ. ಆ ಬಿಸಿಯನ್ನು ರೇಡಿಯೇಟರ್ ಸುಮ್ಮನೆ ಕಾಡಿನ ಗಾಳಿಗೆ ಚೆಲ್ಲುತ್ತೆ. ಅದರಲ್ಲಿ ಸ್ವಲ್ಪವನ್ನು ಡ್ಯಾಶ್‌ಬೋರ್ಡ್ ಹಿಂದಿನ ಒಂದು ಪುಟ್ಟ ರೇಡಿಯೇಟರಿಗೆ ತಿರುಗಿಸಿ, ಒಂದು ಫ್ಯಾನ್ ಇಟ್ಟರೆ ಅದೇ ಹೀಟರ್. ಇದಕ್ಕೆ ಎಸಿ ಬೇಕಿಲ್ಲ, ಕಂಪ್ರೆಸರ್ ಬೇಕಿಲ್ಲ. ಬಿಸಿ ಹೇಗೂ ಪುಕ್ಕಟೆ! ಆದರೂ ಕಡಿಮೆ ದರದ ಪಿಕಪ್ ಮಾಡೆಲ್‌ಗಳಲ್ಲಿ ಅದನ್ನು ಕೈಬಿಟ್ಟಿರ್ತಾರೆ. ದಕ್ಷಿಣ ಭಾರತಕ್ಕೆ ಯಾಕೆ ಹೀಟರ್ ಅನ್ನೋದು ಅವರ ವಾದ ಇರಬೇಕು.

ಯಾಕೆ ಅಂತ ಹೇಳ್ತೀನಿ ಕೇಳಿ. ಮಂಜು ಮುಸುಕಿದ ಬೆಳಗ್ಗೆ ಕ್ಯಾಬಿನ್ನಿನಲ್ಲಿ ಮೂರು ಜನ ಕೂತು ಉಸಿರಾಡಿದರೆ ಐದೇ ನಿಮಿಷದಲ್ಲಿ ಗಾಜು ಒಳಗಿನಿಂದ ಬೆಳ್ಳಗಾಗುತ್ತೆ. ಡ್ರೈವರ್ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಬನಿಯನ್ ಬಟ್ಟೆ ಹಿಡಿದು ಒರೆಸ್ತಾ ಹೋಗ್ಬೇಕು. ಇದು ಮತ್ತಿಗೋಡು ಆನೆ ಶಿಬಿರದ ರಸ್ತೆ ಸ್ವಾಮಿ, ಎರಡೂ ಕಡೆ ನಾಗರಹೊಳೆ ಕಾಡು. ಎದುರಿಗೆ ಬರೋ ಆನೆಗಳೆಲ್ಲ ಅಂಬಾರಿ ಹೊರೋ ಅಭಿಮನ್ಯುವಿನ ಹಾಗೆ ಮಾವುತನ ಮಾತು ಕೇಳೋದಿಲ್ಲ. ಇಲ್ಲಿ ಹೀಟರ್ ಸುಖಕ್ಕಲ್ಲ, ಕಣ್ಣಿಗೆ. 2025ರ ಅಕ್ಟೋಬರ್ 1ರಿಂದ ತಯಾರಾಗೋ, ಮೂರೂವರೆ ಟನ್ನಿಗಿಂತ ಭಾರದ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಗಿದೆ. ಒಳ್ಳೇದೇ. ಆದರೆ ನಮ್ಮ ಪಿಕಪ್‌ಗಳು ಹೆಚ್ಚಿನವು ಅದಕ್ಕಿಂತ ಹಗುರ, ಆ ನಿಯಮ ಇವುಗಳ ತಂಟೆಗೆ ಬರೋದಿಲ್ಲ.

ಕೊನೆಗೆ ಹಿಂದೆ ನಿಂತವರು. ಅಮೆರಿಕ, ಕೆನಡಾದ ಹವಾಮಾನ ಇಲಾಖೆಗಳು ಬಳಸೋ ಲೆಕ್ಕದಲ್ಲಿ, ಹತ್ತು ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಮೈಗೆ ಹೊಡೆದರೆ ಚರ್ಮಕ್ಕೆ ಆರು ಡಿಗ್ರಿಯಷ್ಟು ಚಳಿ. ಒದ್ದೆ ಟವೆಲ್, ತೆಳ್ಳನೆ ಸೀರೆಗೆ ಇನ್ನೂ ಹೆಚ್ಚು. ಎಂಜಿನ್ನಿಗೆ ಬಾನೆಟ್ ಉಂಟು, ಗೊಬ್ಬರದ ಚೀಲಕ್ಕೆ ಟಾರ್ಪಾಲ್ ಉಂಟು. ಇವರಿಗೆ ಏನುಂಟು? ವಿಮೆಯ ಕಥೆ ಇನ್ನೂ ಚೆಂದ. ಸರಕು ಗಾಡಿಯಲ್ಲಿ ಹಾಗೇ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲೇ ಹೇಳಿಯಾಗಿದೆ. ಗಾಡಿ ಮಗುಚಿದರೆ ಎಂಜಿನ್ನಿಗೆ ಕ್ಲೇಮ್ ಸಿಗಬಹುದು, ಹಿಂದಿದ್ದವರಿಗೆ ಸಿಗೋದು ಅನುಮಾನ.

ಕುಯ್ಲಿನ ಸಮಯದಲ್ಲಿ ಆಳು ಸಿಗೋದಿಲ್ಲ ಅಂತ ಕೊಡಗಿನ ಪ್ರತಿ ಸಾಹುಕಾರರೂ ಹೇಳ್ತಾರೆ. ನಿಜ, ಸಿಗೋದಿಲ್ಲ. ಸಿಕ್ಕಿದವರನ್ನು ಕರೆತರೋಕೆ ಆ ಎರಡು ತಿಂಗಳ ಮಟ್ಟಿಗಾದರೂ ಸೀಟಿರೋ, ಮುಚ್ಚಿರೋ ಒಂದು ಬಾಡಿಗೆ ವ್ಯಾನ್ ಮಾಡಿ. ಪಿಕಪ್ ಚೀಲ ಹೊರಲಿ.

ನಾಳೆ ಬೆಳಗ್ಗೆಯಿಂದಲೇ ಮಾಡಬಹುದಾದ್ದೂ ಒಂದಿದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಗಾಡಿಯನ್ನು ಹದಿನೈದು ನಿಮಿಷ ತಡವಾಗಿ ಸ್ಟಾರ್ಟ್ ಮಾಡಿ. ಅಷ್ಟು ಹೊತ್ತು ಆ ಜನ ಲೈನ್ ಮನೆಯ ಒಲೆ ಮುಂದೆ ಕೂತಿರಲಿ.