ಗ್ಯಾರೇಜಿನ ರೇಸ್ ಕಾರು, ಶಾಲೆಯ ಬೇರಿಂಗ್ ಗಾಡಿ

ನಮ್ಮ ಅಭ್ಯಾಸ ಬೋಧನೆಯ ವೀಕ್ಷಣಾ ಪತ್ರದಲ್ಲಿ ಬೋಧನೋಪಕರಣಕ್ಕೆ ಅಂಕಗಳಿವೆ. ಉಪಕರಣ ಅಂದವಾಗಿದೆಯೇ, ಹಿಂದಿನ ಬೆಂಚಿಗೂ ಕಾಣುತ್ತದೆಯೇ, ಸರಿಯಾದ ಹಂತದಲ್ಲಿ ಬಳಕೆಯಾಯಿತೇ ಎಂಬುದನ್ನು ನೋಡಲಾಗುತ್ತದೆ. ಮಕ್ಕಳು ಅದನ್ನು ಮುಟ್ಟಿದರೇ, ಬಿಚ್ಚಿ ನೋಡಿದರೇ, ಅದು ಕೆಟ್ಟಾಗ ಏನು ಮಾಡಿದರು ಎಂದು ಕೇಳುವ ಕಾಲಂ ಅದರಲ್ಲಿಲ್ಲ. ಹಾಗಾಗಿ ನಮ್ಮಲ್ಲಿ ಅನೇಕರ ಉಪಕರಣಗಳು ಥರ್ಮಾಕೋಲ್, ಬಣ್ಣದ ಕಾಗದ ಮತ್ತು ಗಮ್‌ನಿಂದ ತಯಾರಾಗಿ, ಪಾಠ ಮುಗಿದ ಮೇಲೆ ಕಪಾಟಿನ ಮೇಲೆ ಕೂರುತ್ತವೆ. ಶಾಲೆಯ ಮಕ್ಕಳ ಪ್ರಾಜೆಕ್ಟುಗಳ ಕಥೆಯೂ ಬೇರೆಯಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಮಾದರಿ ಸಿಗುತ್ತದೆ, ಮಗು ಹೆಸರು ಬರೆದು ತರುತ್ತದೆ.

ವಿಜ್ಞಾನ ಮತ್ತು ಗಣಿತ ಪದ್ಧತಿಯ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಕನಿಷ್ಠ ಒಂದು ಘಟಕವನ್ನಾದರೂ, ಮಕ್ಕಳೇ ಕಟ್ಟಿ, ಓಡಿಸಿ, ಅಳೆದು, ತಿದ್ದುವ ವಸ್ತುವಿನ ಮೂಲಕ ಬೋಧಿಸಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನಾನು ಕೊಡುವ ಉದಾಹರಣೆ ಶಿಕ್ಷಣಶಾಸ್ತ್ರದ ಪುಸ್ತಕದ್ದಲ್ಲ, ಮೋಟಾರು ರೇಸಿನದು.

1946ರಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಲಂಡನ್ ಬಳಿಯ ಸರ್ಬಿಟನ್‌ನಲ್ಲಿ ಗ್ಯಾರೇಜು ನಡೆಸುತ್ತಿದ್ದ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಕೂಪರ್ ಒಂದೇ ಆಸನದ ಪುಟ್ಟ ರೇಸ್ ಕಾರೊಂದನ್ನು ಕಟ್ಟಿದರು. ಆಗ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಇತ್ತು, ಹೊಸ ಸಾಮಗ್ರಿ ಸಿಗುವುದು ಕಷ್ಟವಾಗಿತ್ತು. ಕಡಿಮೆ ಖರ್ಚಿನಲ್ಲಿ ರೇಸ್ ನಡೆಸಬೇಕೆಂಬ ಹವ್ಯಾಸಿಗಳು 500 ಸಿಸಿ ಇಂಜಿನ್ನಿನ ಪುಟ್ಟ ಕಾರುಗಳ ಒಂದು ವರ್ಗವನ್ನೇ ಹುಟ್ಟುಹಾಕುತ್ತಿದ್ದರು. ಕೂಪರ್ ತಂದೆ-ಮಗ ಮಾಡಿದ್ದು ಸರಳ. ಫಿಯಟ್ ಟೊಪೊಲಿನೊ ಎಂಬ ಚಿಕ್ಕ ಕಾರಿನ ಮುಂಭಾಗದಲ್ಲಿ ಎಡ-ಬಲ ಚಕ್ರಗಳು ಒಂದನ್ನೊಂದು ಅವಲಂಬಿಸದೆ ಮೇಲೆ-ಕೆಳಗೆ ಆಡುವ ಸಸ್ಪೆನ್ಷನ್ ಇತ್ತು. ಅಂಥ ಎರಡು ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಜೋಡಿಸಿದರು. ಮೋಟಾರ್‌ಸೈಕಲ್ ರೇಸಿಗೆ ಬಳಸುತ್ತಿದ್ದ ಜೆಎಪಿ ಕಂಪನಿಯ ಒಂಟಿ ಸಿಲಿಂಡರ್ ಇಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿ, ಚೈನಿನ ಮೂಲಕ ಹಿಂದಿನ ಚಕ್ರಗಳನ್ನು ತಿರುಗಿಸಿದರು.

ಆ ಕಾಲದ ಬಹುಪಾಲು ರೇಸ್ ಕಾರುಗಳಲ್ಲಿ ಇಂಜಿನ್ ಮುಂದಿರುತ್ತಿತ್ತು. ಕೂಪರ್ ಅದನ್ನು ಹಿಂದಿಟ್ಟಿದ್ದು ದೊಡ್ಡ ಸಿದ್ಧಾಂತವೊಂದನ್ನು ಸಾಧಿಸಲಿಕ್ಕಲ್ಲ. ಮೋಟಾರ್‌ಸೈಕಲ್ ಇಂಜಿನ್ನಿಗೆ ಚೈನ್ ಬೇಕು, ಚೈನ್ ಹಿಂದಿನ ಚಕ್ರಕ್ಕೆ ಹೋಗಬೇಕು, ಇಂಜಿನ್ ಹತ್ತಿರವಿದ್ದರೆ ಕೆಲಸ ಸುಲಭ, ಅಷ್ಟೆ. ಆದರೆ ಕಾರು ಓಡಿದ ಮೇಲೆ ಆ ಜೋಡಣೆಯ ಗುಣಗಳು ಒಂದೊಂದಾಗಿ ಕಾಣತೊಡಗಿದವು. 500 ಸಿಸಿ ವರ್ಗ 1950ರಲ್ಲಿ ಅಂತರರಾಷ್ಟ್ರೀಯ ಫಾರ್ಮುಲಾ 3 ಆಯಿತು. 1958ರಲ್ಲಿ ಸ್ಟರ್ಲಿಂಗ್ ಮಾಸ್ ಹಿಂದೆ ಇಂಜಿನ್ ಇದ್ದ ಕೂಪರ್ ಕಾರಿನಲ್ಲಿ ಅರ್ಜೆಂಟೀನಾ ಗ್ರಾಂಡ್ ಪ್ರಿ ಗೆದ್ದರು. 1959 ಮತ್ತು 1960ರಲ್ಲಿ ಜ್ಯಾಕ್ ಬ್ರಭಾಮ್ ಕೂಪರ್ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದರು. ಕೆಲವೇ ವರ್ಷಗಳಲ್ಲಿ ಫಾರ್ಮುಲಾ 1ರಲ್ಲಿ ಎಲ್ಲರೂ ಇಂಜಿನ್ನನ್ನು ಹಿಂದಕ್ಕೆ ಸರಿಸಿದರು, ಇಂದಿಗೂ ಅದು ಅಲ್ಲಿಯೇ ಇದೆ.

ಈ ಚರಿತ್ರೆಯಲ್ಲಿ ಶಿಕ್ಷಕರಾಗುವ ನಮಗೆ ಮುಖ್ಯವಾದದ್ದು ಗೆಲುವಿನ ಪಟ್ಟಿಯಲ್ಲ, ಕೆಲಸ ನಡೆದ ಕ್ರಮ. ನಮ್ಮ ಪಾಠಯೋಜನೆಗಳು ಬಹುಮಟ್ಟಿಗೆ ವ್ಯಾಖ್ಯೆಯಿಂದ ಉದಾಹರಣೆಗೆ, ಉದಾಹರಣೆಯಿಂದ ಲೆಕ್ಕಕ್ಕೆ ಸಾಗುತ್ತವೆ. ಕೂಪರ್ ಗ್ಯಾರೇಜಿನಲ್ಲಿ ಮೊದಲು ಬಂದದ್ದು ಒಂದು ಅಗತ್ಯ, ನಂತರ ಕೈಯಲ್ಲಿದ್ದ ಸಾಮಗ್ರಿ, ಆಮೇಲೆ ಓಟ, ಕೊನೆಗೆ ‘ಇದು ಹೀಗೇಕೆ?’ ಎಂಬ ಪ್ರಶ್ನೆ. ರಚನಾವಾದದ ಬಗ್ಗೆ ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ. ಕಿಲ್‌ಪ್ಯಾಟ್ರಿಕ್ 1918ರಲ್ಲೇ ಯೋಜನಾ ಪದ್ಧತಿಯ ಕುರಿತು ಬರೆದದ್ದನ್ನೂ, 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬನ್ನು ಶಿಕ್ಷಣದ ನಡುವೆ ಇಟ್ಟದ್ದನ್ನೂ ಓದಿದ್ದೇವೆ. ಆದರೆ 40 ನಿಮಿಷದ ತರಗತಿಗೆ ಹೋದಾಗ ಮತ್ತೆ ವ್ಯಾಖ್ಯೆಯನ್ನೇ ಮೊದಲು ಬರೆಸುತ್ತೇವೆ.

ಇನ್ನೊಂದು ಕಾರಣವೂ ಇದೆ. ಪಠ್ಯಪುಸ್ತಕದಲ್ಲಿ ಘರ್ಷಣೆ ಒಂದು ಅಧ್ಯಾಯ, ಚಲನೆ ಇನ್ನೊಂದು, ತ್ರಿಕೋನಮಿತಿ ಬೇರೆಯೇ ಪುಸ್ತಕ. ಓಡುವ ಕಾರಿನಲ್ಲಿ ಇವೆಲ್ಲ ಒಟ್ಟಿಗೆ ಇರುತ್ತವೆ, ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಇದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ತಿರುವು. ಕಾರು ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಎಡ-ಬಲ ಚಕ್ರಗಳ ನಡುವಿನ ಅಂತರ 1.2 ಮೀಟರ್ ಎಂದಿಟ್ಟುಕೊಳ್ಳಿ. ಕಾರು ಕಾಲು ಸುತ್ತು ತಿರುಗಿದರೆ ಹೊರಚಕ್ರ ಸುಮಾರು 1.88 ಮೀಟರ್ ಹೆಚ್ಚು ಉರುಳುತ್ತದೆ. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ವೃತ್ತದ ಪರಿಧಿಯ ಸೂತ್ರ ಗೊತ್ತಿರುವ ಯಾವ ಮಗುವೂ ತ್ರಿಜ್ಯ ಹೇಗೆ ಕಳೆದುಹೋಗುತ್ತದೆ ಎಂಬುದನ್ನು ತಾನೇ ಕಂಡುಕೊಳ್ಳಬಲ್ಲದು. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಚಕ್ರಗಳು ಬೇರೆಬೇರೆಯಾಗಿ ಉರುಳುತ್ತವೆ, ಆದ್ದರಿಂದ ತೊಂದರೆಯಿಲ್ಲ. ರಸ್ತೆಯ ಕಾರಿನಲ್ಲಿ ಇದಕ್ಕೆ ಡಿಫರೆನ್ಷಿಯಲ್ ಇದೆ. ಕೂಪರ್ 500ರಲ್ಲಿ ಅದೂ ಇರಲಿಲ್ಲ, ಒಂದೇ ಅಚ್ಚಿಗೆ ಎರಡೂ ಚಕ್ರ. ಕಾರು ಹಗುರವಾಗಿದ್ದರಿಂದ ಟೈರು ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತಿತ್ತು. ಹಗುರತನ, ಘರ್ಷಣೆ, ವೃತ್ತದ ಪರಿಧಿ ಮೂರೂ ಒಂದೇ ತಿರುವಿನಲ್ಲಿ ಸೇರಿದವು.

ಎರಡನೆಯದು ಎತ್ತರ. ಇಂಜಿನ್ ಮುಂದಿದ್ದರೆ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಸಾಮಾನ್ಯವಾಗಿ ಚಾಲಕನ ಕೆಳಗೆ ಅಥವಾ ಪಕ್ಕದಲ್ಲಿ ಹಾಯಬೇಕು. ಇಂಜಿನ್ ಹಿಂದಿದ್ದರೆ ಆ ಶಾಫ್ಟ್ ಬೇಡ. ಕಾರಿನ ತೂಕ ಇಳಿಯುತ್ತದೆ, ಚಾಲಕ ಕೆಳಗೆ ಕೂರಬಹುದು, ಗುರುತ್ವ ಕೇಂದ್ರವೂ ಕೆಳಗಿಳಿಯುತ್ತದೆ. ಚಕ್ರಗಳ ಅಂತರ 1.2 ಮೀಟರ್, ಗುರುತ್ವ ಕೇಂದ್ರ ಎರಡೂ ಚಕ್ರಗಳ ನಡುಮಧ್ಯೆ 0.6 ಮೀಟರ್ ಎತ್ತರದಲ್ಲಿದ್ದರೆ, ಕಾರನ್ನು ಪಕ್ಕಕ್ಕೆ ವಾಲಿಸಿದಾಗ 45 ಡಿಗ್ರಿಗೆ ಮಗುಚುತ್ತದೆ. ಅದೇ ಕೇಂದ್ರ 0.4 ಮೀಟರಿಗೆ ಇಳಿದರೆ ಸುಮಾರು 56 ಡಿಗ್ರಿವರೆಗೆ ನಿಲ್ಲುತ್ತದೆ. ಹತ್ತನೆಯ ತರಗತಿಯ ಮಗು ‘ಟ್ಯಾನ್ ತೀಟಾ ಯಾಕೆ ಕಲಿಯಬೇಕು?’ ಎಂದು ಕೇಳಿದರೆ ನಾವು ದೀಪಸ್ತಂಭದ ಎತ್ತರವನ್ನೇ ಪ್ರತಿ ಸಲ ತೋರಿಸಬೇಕಾಗಿಲ್ಲ.

ಇದೆಲ್ಲ ದೂರದ ದೇಶದ ಮಾತು ಎನ್ನಬಹುದು. ಹಾಗೇನೂ ಇಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಇಂಜಿನ್ ಬಳಸಿ ಒಂಟಿ ಆಸನದ ರೇಸ್ ಕಾರುಗಳನ್ನು ನಮ್ಮ ದೇಶದಲ್ಲೇ ಕಟ್ಟಿದರು. 2005ರಲ್ಲಿ ಫಾರ್ಮುಲಾ 1ಕ್ಕೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಆರಂಭದಲ್ಲಿ ಓಡಿಸಿದ್ದು ಅಂಥ ಫಾರ್ಮುಲಾ ಮಾರುತಿ ಕಾರನ್ನೇ. ಇನ್ನೂ ಹತ್ತಿರಕ್ಕೆ ಬಂದರೆ, ನಮ್ಮೂರುಗಳ ಮಕ್ಕಳು ಮೆಕ್ಯಾನಿಕ್ ಅಂಗಡಿಯಲ್ಲಿ ಎಸೆದ ಹಳೆಯ ಬೇರಿಂಗುಗಳನ್ನು ಕೇಳಿ ತಂದು, ಹಲಗೆಗೆ ಸಿಕ್ಕಿಸಿ, ಮುಂದೊಂದು ಹಿಂದೆರಡು ಚಕ್ರದ ಬೇರಿಂಗ್ ಗಾಡಿ ಮಾಡಿ ಇಳಿಜಾರಿನಲ್ಲಿ ಬಿಡುತ್ತಾರೆ. ಅದೂ ಮನೆಯಲ್ಲಿ ಕಟ್ಟಿದ ಒಂಟಿ ಆಸನದ ಗಾಡಿಯೇ. ಮಕ್ಕಳು ಬರುವಾಗಲೇ ಇಷ್ಟು ವಿಜ್ಞಾನವನ್ನು ಕೈಯಲ್ಲಿ ಹಿಡಿದು ಬಂದಿರುತ್ತಾರೆ, ನಾವು ಗೇಟಿನಲ್ಲೇ ಅದನ್ನು ಬಿಟ್ಟು ಬರಲು ಹೇಳುತ್ತೇವೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ಬೇರಿಂಗ್ ಗಾಡಿಗಿಂತ ಗಟ್ಟಿಯಾದ ಜೋಡಣೆ ಇನ್ನೇನಿದೆ?

ಐದು ಅವಧಿಗಳ ಘಟಕವೊಂದನ್ನು ಹೀಗೆ ಯೋಜಿಸಬಹುದು. ಮೊದಲ ಅವಧಿಯಲ್ಲಿ ಗುಂಪಿಗೊಂದು ಗಾಡಿ ಜೋಡಿಸುವುದು. ಎರಡನೆಯದರಲ್ಲಿ ಗಾಡಿಯ ಮೇಲೆ ಮರಳಿನ ಚೀಲವಿಟ್ಟು ವರಾಂಡದ ಸಿಮೆಂಟಿನ ಮೇಲೆ ಸ್ಪ್ರಿಂಗ್ ತ್ರಾಸಿನಿಂದ ಎಳೆಯುವುದು. ಒಮ್ಮೆ ಚಕ್ರ ಉರುಳುವಂತೆ, ಇನ್ನೊಮ್ಮೆ ಚಕ್ರ ತಿರುಗದಂತೆ ಹಗ್ಗದಿಂದ ಬಿಗಿದು. ತೂಕ ಹೆಚ್ಚಿಸುತ್ತಾ ಹೋಗಿ ನಕ್ಷೆ ಬಿಡಿಸುವುದು. ಮೂರನೆಯದರಲ್ಲಿ ತಿರುವು: ಇಬ್ಬರು ಮಕ್ಕಳು ಒಂದು ಮೀಟರ್ ಕೋಲಿನ ಎರಡು ತುದಿ ಹಿಡಿದು ಮೈದಾನದಲ್ಲಿ ತಿರುಗಿದಾಗ ಸುಣ್ಣದ ಗೆರೆ ಎಳೆದು ದಾರಿ ಅಳೆಯುವುದು. ನಾಲ್ಕನೆಯದರಲ್ಲಿ ಹಲಗೆಯ ಮೇಲೆ ಗಾಡಿ ಅಡ್ಡವಾಗಿ ನಿಲ್ಲಿಸಿ, ಚಕ್ರ ಜಾರದಂತೆ ಕೆಳಬದಿಗೆ ಪಟ್ಟಿ ಹೊಡೆದು, ಒಂದು ಬದಿಯನ್ನು ನಿಧಾನವಾಗಿ ಎತ್ತುವುದು. ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿದರೆ ಕೋನ ಸಿಗುತ್ತದೆ. ಚೀಲವನ್ನು ಮುಂದಿನ ಒಂಟಿ ಚಕ್ರದ ಕಡೆ ಸರಿಸಿದಷ್ಟೂ ಗಾಡಿ ಬೇಗ ಮಗುಚುವುದನ್ನು ಮಕ್ಕಳು ನೋಡುತ್ತಾರೆ, ಆಟೊರಿಕ್ಷಾದ ಬಗ್ಗೆ ಪ್ರಶ್ನೆ ತಾನಾಗಿ ಬರುತ್ತದೆ. ಐದನೆಯದರಲ್ಲಿ ಅಳತೆಗಳನ್ನು ಮುಂದಿಟ್ಟುಕೊಂಡು ಗಾಡಿಯ ಒಂದು ಭಾಗವನ್ನು ಬದಲಿಸಿ, ಬದಲಾವಣೆಗೆ ಕಾರಣ ಬರೆಯುವುದು.

ಆಕ್ಷೇಪಗಳು ಬರುತ್ತವೆ, ಅವುಗಳಲ್ಲಿ ಹುರುಳಿದೆ. ಮೊದಲನೆಯದು ಸುರಕ್ಷತೆ. ಯಾವ ಹಂತದಲ್ಲೂ ಮಗು ಗಾಡಿಯ ಮೇಲೆ ಕೂರಬೇಕಿಲ್ಲ, ಮರಳಿನ ಚೀಲ ಸಾಕು. ರಸ್ತೆಗಂತೂ ಹೋಗುವ ಮಾತೇ ಇಲ್ಲ. ಮೊಳೆ ಹೊಡೆಯುವ, ಗರಗಸ ಹಿಡಿಯುವ ಕೆಲಸ ಶಿಕ್ಷಕರ ಎದುರಲ್ಲೇ ಆಗಬೇಕು. ಎರಡನೆಯದು ಸಮಯ. ಐದು ಅವಧಿ ದುಬಾರಿ ಎನಿಸುತ್ತದೆ, ಆದರೆ ಘರ್ಷಣೆ, ಪರಿಧಿ, ಗುರುತ್ವ ಕೇಂದ್ರ, ನಕ್ಷೆ ಇವನ್ನು ಪ್ರತ್ಯೇಕವಾಗಿ ಬೋಧಿಸಿ ಮತ್ತೆ ಪುನರಾವರ್ತನೆ ಮಾಡುವ ಅವಧಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಣಿತ ಶಿಕ್ಷಕರೊಂದಿಗೆ ಅವಧಿ ಹಂಚಿಕೊಂಡರೆ ಹೊರೆಯೂ ಇಳಿಯುತ್ತದೆ.

ಮೂರನೆಯದು, ಇದು ಹುಡುಗರ ಹವ್ಯಾಸ ಎಂಬ ಮಾತು. ಗುಂಪು ಚಟುವಟಿಕೆಯಲ್ಲಿ ಸ್ಪ್ಯಾನರ್ ಹುಡುಗರ ಕೈಗೂ ನೋಟ್‌ಬುಕ್ ಹುಡುಗಿಯರ ಕೈಗೂ ತಾನಾಗಿ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ಪರಿಹಾರ ಚಟುವಟಿಕೆಯನ್ನು ಕೈಬಿಡುವುದಲ್ಲ. ಪ್ರತಿ ಅವಧಿಗೂ ಕೆಲಸದ ಸರದಿ ಬದಲಾಗಬೇಕು, ಆ ಸರದಿ ಪಾಠಯೋಜನೆಯಲ್ಲೇ ಬರೆದಿರಬೇಕು.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ: ಮಕ್ಕಳು ಆಟವಾಡುತ್ತಾರೆ, ಕಲಿಯುವುದಿಲ್ಲ. ಇದು ನಿಜವಾಗಬಹುದು. ಚಾರ್ಲ್ಸ್ ಕೂಪರ್ ರೇಸ್ ಚಾಲಕ ಕೇ ಡಾನ್ ಅವರ ಬಳಿ ಮೆಕ್ಯಾನಿಕ್ ಆಗಿ ದುಡಿದವರು. ಅವರ ಗ್ಯಾರೇಜಿನಲ್ಲಿ ಕೆಲಸ ಬಲ್ಲ ಹಿರಿಯರೊಬ್ಬರಿದ್ದರು ಎಂಬುದನ್ನು ಮರೆಯಬಾರದು. ‘ಮಕ್ಕಳು ತಾವೇ ಕಲಿಯುತ್ತಾರೆ’ ಎಂದು ಹೇಳಿ ಶಿಕ್ಷಕರು ಕುರ್ಚಿಯಲ್ಲಿ ಕೂತರೆ ಗಾಡಿ ಉರುಳುತ್ತದೆ, ಪಾಠ ಉರುಳುವುದಿಲ್ಲ. ಯಾವ ಕ್ಷಣದಲ್ಲಿ ನಿಲ್ಲಿಸಿ ‘ಹೀಗೇಕಾಯಿತು?’ ಎಂದು ಕೇಳಬೇಕು, ಯಾವಾಗ ಸೂತ್ರವನ್ನು ಕಪ್ಪುಹಲಗೆಗೆ ತರಬೇಕು ಎಂಬುದು ವಿಷಯಜ್ಞಾನ ಗಟ್ಟಿಯಾಗಿದ್ದವರಿಗೆ ಮಾತ್ರ ಗೊತ್ತಾಗುತ್ತದೆ. ಇಂಥ ಪಾಠ ಶಿಕ್ಷಕರಿಂದ ಬೇಡುವುದು ಹೆಚ್ಚು. ಪ್ರಶಿಕ್ಷಣದ ದಿನಗಳಲ್ಲೇ, ಪಕ್ಕದಲ್ಲಿ ಮಾರ್ಗದರ್ಶಕರಿರುವಾಗಲೇ ಇದನ್ನು ಅಭ್ಯಾಸ ಮಾಡಬೇಕು ಎನ್ನುವುದು ಆ ಕಾರಣಕ್ಕೇ.

ಆದ್ದರಿಂದ ಉಪನ್ಯಾಸಕರ ಮುಂದೆ ನನ್ನ ಬೇಡಿಕೆ ಮೂರು. ಒಂದು, ಅಭ್ಯಾಸ ಬೋಧನೆಯ ಪಾಠಗಳಲ್ಲಿ ಒಂದು ಘಟಕವನ್ನು ಕಟ್ಟುವ ಪಾಠಕ್ಕೆ ಮೀಸಲಿಡಿ. ಅದನ್ನು ಒಂದೇ ಅವಧಿಯಲ್ಲಿ ಅಲ್ಲ, ಸತತ ಅವಧಿಗಳಲ್ಲಿ ವೀಕ್ಷಿಸಿ. ಎರಡು, ಆ ಘಟಕದ ಮಟ್ಟಿಗೆ ಉಪಕರಣದ ಅಂದಕ್ಕೆ ಕೊಡುವ ಅಂಕಗಳನ್ನು ಮಕ್ಕಳ ಪರೀಕ್ಷಾ ದಾಖಲೆಗೆ ಕೊಡಿ: ಏನು ಊಹಿಸಿದರು, ಏನು ಅಳೆದರು, ಊಹೆ ತಪ್ಪಿದಾಗ ಏನನ್ನು ಬದಲಿಸಿದರು. ರೂಪಣಾತ್ಮಕ ಮೌಲ್ಯಮಾಪನ ಎಂದು ನಾವು ಕರೆಯುವುದು ಇದನ್ನೇ ಅಲ್ಲವೇ? ಮೂರು, ಪಾಠದ ನಡುವೆ ವಸ್ತು ಕೆಲಸ ಮಾಡದಿದ್ದರೆ ಪ್ರಶಿಕ್ಷಣಾರ್ಥಿಯ ಅಂಕ ಕಳೆಯಬೇಡಿ. ಆ ಕ್ಷಣವನ್ನು ಅವರು ಹೇಗೆ ಬಳಸಿಕೊಂಡರು ಎಂಬುದನ್ನು ನೋಡಿ. ಅಂಕ ಹೋಗುವ ಭಯ ಇರುವವರೆಗೆ ನಾವು ಕೆಡದ ಉಪಕರಣಗಳನ್ನೇ ತರುತ್ತೇವೆ, ಮತ್ತು ಕೆಡಲಾರದ ಉಪಕರಣ ಎಂದರೆ ಹೆಚ್ಚಾಗಿ ಏನೂ ಕೆಲಸ ಮಾಡದ ಉಪಕರಣ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಹೇಳುವುದು ಇಷ್ಟೆ. ವೀಕ್ಷಣಾ ಪತ್ರ ಬದಲಾಗುವವರೆಗೆ ಕಾಯಬೇಕಿಲ್ಲ. ಮುಂದಿನ ಸಲ ಘರ್ಷಣೆಯ ಪಾಠ ಬಂದಾಗ ಚಾರ್ಟ್ ಬರೆಯುವ ಮೊದಲು ಶಾಲೆಯ ಹತ್ತಿರದ ಮೆಕ್ಯಾನಿಕ್ ಅಂಗಡಿಗೆ ಹೋಗಿ ಮೂರು ಹಳೆಯ ಬೇರಿಂಗ್ ಕೇಳಿ. ಹಲಗೆ ಯಾರ ಮನೆಯಲ್ಲಿದೆ ಎಂದು ತರಗತಿಯಲ್ಲಿ ವಿಚಾರಿಸಿದರೆ ಕೈ ಎತ್ತುವ ಮಕ್ಕಳಿಗೆ ಕೊರತೆಯಿರುವುದಿಲ್ಲ.