ಗಲ್ಲಾದ ಮುಂದೆ ನಿಂತ ಹೊಸ ಗ್ರಾಹಕಿ

ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಯುವತಿಯೊಬ್ಬಳು ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದಾಗ, ಗಲ್ಲಾದಲ್ಲಿ ಕುಳಿತವರ ಕೈ ತಾನಾಗಿಯೇ ಹತ್ತು ರೂಪಾಯಿಯ ನೋಟಿನತ್ತ ಹೋಗುವುದು ಅಪರೂಪವಲ್ಲ. ಇದರಲ್ಲಿ ದುರುದ್ದೇಶವಿರಬೇಕೆಂದೇನೂ ಇಲ್ಲ. ವರ್ತಕ ಸಮುದಾಯಕ್ಕೆ ಈ ಜನರ ಪರಿಚಯವಾದದ್ದೇ ಅಂಗಡಿಯ ಪ್ರಾರಂಭೋತ್ಸವದಂದು ಹರಸಲು ಬರುವವರಾಗಿ, ಆಗಾಗ್ಗೆ ಬಾಗಿಲಲ್ಲಿ ಚಪ್ಪಾಳೆ ತಟ್ಟಿ ಕೈಯೊಡ್ಡುವವರಾಗಿ. ಕೊಡುವುದನ್ನು ಕೊಟ್ಟು ಬೇಗ ಸಾಗಹಾಕುವುದು ಪೇಟೆಯ ರೂಢಿ. ಆದರೆ ಈಕೆ ಬಂದದ್ದು ಕುರ್ತಿಯೊಂದನ್ನು ಕೊಳ್ಳಲು. ದುಡಿದ ಹಣ ಕೈಚೀಲದಲ್ಲಿದೆ. ಭಿಕ್ಷೆಯ ನೋಟನ್ನು ಮುಂದೆ ಹಿಡಿದ ಕೌಂಟರಿನಲ್ಲಿ ಆಕೆ ಬಟ್ಟೆಯ ದರ ಕೇಳುವುದಾದರೂ ಹೇಗೆ?

ಈ ಪ್ರಶ್ನೆಯನ್ನು ಸಾಮಾಜಿಕ ನ್ಯಾಯದ ವೇದಿಕೆಗಳಿಗೆ ಬಿಟ್ಟುಕೊಟ್ಟು ವಾಣಿಜ್ಯ ವಲಯ ಸುಮ್ಮನಿರುವುದು ಸರಿಯಲ್ಲ. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ನೀಡಿದ ತೀರ್ಪಿನಲ್ಲಿ ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಈ ಸಮುದಾಯಕ್ಕೆ ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಕಲ್ಪಿಸಿತು. ಕಚೇರಿಗೆ, ಕಾಲೇಜಿಗೆ, ಸಂದರ್ಶನಕ್ಕೆ ಹೋಗುವವರಿಗೆ ಮೊದಲು ಬೇಕಾಗುವುದು ಒಪ್ಪವಾದ ಎರಡು ಜೊತೆ ಉಡುಪು. ಉಡುಪಿಲ್ಲದೆ ಉದ್ಯೋಗವಿಲ್ಲ, ಉದ್ಯೋಗವಿಲ್ಲದೆ ಉಡುಪಿಲ್ಲ ಎಂಬ ಸುಳಿಯಲ್ಲಿ ಸಿಕ್ಕಿದವರು ಕೊನೆಗೆ ಹಿಂದಿರುಗುವುದು ಸಿಗ್ನಲ್ಲಿನ ಭಿಕ್ಷೆಗೇ.

ಇದೊಂದು ಭಾರೀ ಮಾರುಕಟ್ಟೆಯೆಂದು ಹೇಳಿ ವರ್ತಕರನ್ನು ಒಲಿಸುವುದು ಪ್ರಾಮಾಣಿಕವಲ್ಲ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬೆರಡರ ಹೊರಗೆ 'ಇತರೆ' ಎಂದು ದಾಖಲಾದವರು ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ ಸುಮಾರು 20 ಸಾವಿರ. ಮನೆಯವರಿಗೆ ತಿಳಿಯದಂತೆ ಬದುಕುವವರು ಈ ಲೆಕ್ಕದೊಳಗೆ ಬಂದಿರಲಾರರು; ಬಂದಿದ್ದರೂ ಅಂಗಡಿಯ ವಹಿವಾಟು ದುಪ್ಪಟ್ಟಾಗುವಂತಹ ಸಂಖ್ಯೆಯಲ್ಲ. ವಿಷಯ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಅಗ್ಗದ ಸರಕು ಪೇಟೆಯಲ್ಲಿ ಧಾರಾಳವಾಗಿದೆ. ಅದನ್ನು ಅಗ್ಗದ ದರಕ್ಕೆ ಪಡೆಯುವ ದಾರಿ ಮಾತ್ರ ಈ ಗ್ರಾಹಕಿಗೆ ಮುಚ್ಚಿದೆ. ಮುಚ್ಚಿದ್ದು ಅಂಗಡಿಯ ನಡವಳಿಕೆಯಿಂದ, ಆದ್ದರಿಂದ ತೆರೆಯುವುದೂ ಅಂಗಡಿಯ ಕೈಯಲ್ಲೇ ಇದೆ.

ನಮ್ಮ ಹಳೆಯ ಪೇಟೆಗಳಲ್ಲಿ ಬೆಲೆ ಎಂಬುದು ಚೀಟಿಯ ಮೇಲಿರುವುದಿಲ್ಲ, ಮಾತಿನಲ್ಲಿರುತ್ತದೆ. ಐನೂರು ಎಂದ ಕುರ್ತಿ ಮುನ್ನೂರಕ್ಕೆ ಇಳಿಯಬೇಕಾದರೆ ಗ್ರಾಹಕಿ ನಾಲ್ಕು ಬಟ್ಟೆ ಬಿಡಿಸಿ ನೋಡಬೇಕು, ಬೇಡವೆಂದು ಎದ್ದು ಹೊರಡಬೇಕು, ಕರೆದಾಗ ತಿರುಗಿ ಬರಬೇಕು. ಚೌಕಾಸಿಗೆ ಧೈರ್ಯವೇ ಬಂಡವಾಳ. ಸುತ್ತ ನಿಂತವರು ಪಿಸುಗುಟ್ಟುತ್ತಿರುವಾಗ, ಮಾರಾಟದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿರುವಾಗ ಯಾರೂ ಚೌಕಾಸಿ ಮಾಡಲಾರರು. ಕೇಳಿದಷ್ಟು ಕೊಟ್ಟು ಹೊರಬೀಳುತ್ತಾರೆ. ಇಲ್ಲವೇ ಯಾರೂ ಮಾತನಾಡಿಸದ, ಬೆಲೆಯೂ ಇಳಿಯದ ಮಾಲ್‌ಗಳನ್ನು ಹುಡುಕಿಕೊಂಡು ಹೋಗುತ್ತಾರೆ, ಅಥವಾ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ. ಮನೆಯವರ ಕಣ್ಣಿಗೆ ಬೀಳಬಾರದೆನ್ನುವವರಿಗೆ ಪೊಟ್ಟಣ ಮನೆಬಾಗಿಲಿಗೆ ಬರುವುದೂ ಅಪಾಯವೇ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಈ ಸಮುದಾಯದವರಿಗೂ ಬಸ್ಸಿನ ಉಚಿತ ಪ್ರಯಾಣ ಒದಗಿಸಿತು. ಪೇಟೆಯವರೆಗಿನ ದಾರಿ ಹೀಗೆ ಸುಗಮವಾಯಿತು. ಹೊಸ್ತಿಲು ದಾಟುವುದು ಉಳಿಯಿತು.

ಸೀರೆಯ ವಿಷಯದಲ್ಲಿ ಅಷ್ಟು ತೊಡಕಿಲ್ಲ. ಹೊಲಿಗೆಯಿಲ್ಲದ ಬಟ್ಟೆಗೆ ಅಳತೆಯ ಹಂಗಿಲ್ಲ. ಯಾವ ಮೈಕಟ್ಟಿಗೂ ಒಗ್ಗುತ್ತದೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ಬಂದ ಮಂಜಮ್ಮ ಜೋಗತಿಯವರು ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ದೇಶವೇ ಕಂಡಿದೆ. ತೊಡಕಿರುವುದು ರವಿಕೆಯಲ್ಲಿ. ಸಿದ್ಧ ರವಿಕೆಗಳು ಎದೆಯ ಸುತ್ತಳತೆಯ ಲೆಕ್ಕದಲ್ಲಿ ಬರುತ್ತವೆ. ಭುಜದ ಅಗಲ, ತೋಳಿನ ದಪ್ಪಗಳು ಆ ಲೆಕ್ಕಕ್ಕೆ ತಕ್ಕಂತೆ ಊಹಿಸಿದವು. ಭುಜ ಅಗಲವಾಗಿದ್ದು ಎದೆ ಕಿರಿದಾಗಿರುವವರಿಗೆ ಅವು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹೊಲಿಸೋಣವೆಂದರೆ ದರ್ಜಿ ಮೊದಲು ಕೇಳುವುದು ಅಳತೆಯ ರವಿಕೆಯನ್ನು. ಮೊದಲ ಬಾರಿಗೆ ಹೊಲಿಸುವವಳಲ್ಲಿ ಅದೆಲ್ಲಿಂದ ಬರಬೇಕು? ಮೈಮುಟ್ಟಿ ಅಳತೆ ತೆಗೆಯಲು ಲೇಡೀಸ್ ಟೈಲರ್ ಹಿಂಜರಿದರೆ, ಜೆಂಟ್ಸ್ ಟೈಲರಿಗೆ ರವಿಕೆಯ ಕತ್ತರಿ ಗೊತ್ತಿಲ್ಲ. ಪಾದರಕ್ಷೆಯದೂ ಇದೇ ಕಥೆ: ಹೆಂಗಸರ ಚಪ್ಪಲಿ ಸಾಮಾನ್ಯವಾಗಿ ಎಂಟನೇ ಸಂಖ್ಯೆಗೆ ಮುಗಿಯುತ್ತದೆ. ಒಂಬತ್ತು, ಹತ್ತರ ಪಾದವುಳ್ಳವರು ಗಂಡಸರ ಚಪ್ಪಲಿಯನ್ನೇ ಮೆಟ್ಟಬೇಕು. ಎತ್ತರದ ಹೆಂಗಸರು ಬಹಳ ಕಾಲದಿಂದ ಇದೇ ದೂರನ್ನು ಹೇಳುತ್ತ ಬಂದಿದ್ದಾರೆಂಬುದನ್ನೂ ಇಲ್ಲಿ ನೆನೆಯಬಹುದು.

ಪ್ರಸಾಧನ ಸಾಮಗ್ರಿಗಳಲ್ಲಿ ನಷ್ಟ ಇನ್ನೂ ಹೆಚ್ಚು. ನುಣುಪಾಗಿ ಕ್ಷೌರ ಮಾಡಿದರೂ ಗಡ್ಡದ ನೀಲಿಛಾಯೆ ಚರ್ಮದಡಿ ಉಳಿಯುತ್ತದೆ. ಅದರ ಮೇಲೆ ಬರೀ ಫೌಂಡೇಶನ್ ಬಳಿದರೆ ಮುಖ ಬೂದಿಬಣ್ಣಕ್ಕೆ ತಿರುಗುತ್ತದೆ. ಮೊದಲು ಕಿತ್ತಳೆ ಬಣ್ಣದ ಕರೆಕ್ಟರನ್ನು ತೆಳುವಾಗಿ ಹಚ್ಚಿ, ಮೇಲೆ ಚರ್ಮಕ್ಕೆ ಹೊಂದುವ ಫೌಂಡೇಶನ್, ಕೊನೆಗೆ ಪೌಡರ್ ಲೇಪಿಸುವುದು ಕ್ರಮ. ಕಿತ್ತಳೆಗೆಂಪಿನ ಅಗ್ಗದ ಲಿಪ್‌ಸ್ಟಿಕ್ಕನ್ನೇ ಕರೆಕ್ಟರಿನಂತೆ ಬಳಸುವವರೂ ಇದ್ದಾರೆ. ಇಂತಹ ತಿಳಿವಳಿಕೆಯನ್ನು ಇತರ ಹೆಣ್ಣುಮಕ್ಕಳು ತಾಯಿಯಿಂದ, ಅಕ್ಕನಿಂದ, ಗೆಳತಿಯರಿಂದ ಬಿಟ್ಟಿಯಾಗಿ ಪಡೆಯುತ್ತಾರೆ. ಸಮುದಾಯದ ಮನೆಗಳಲ್ಲಿ ಬೆಳೆದವರಿಗೆ ಗುರು ಹೇಳಿಕೊಡುತ್ತಾಳೆ. ಎರಡೂ ಇಲ್ಲದೆ ಬಾಡಿಗೆ ಕೋಣೆಯಲ್ಲಿರುವ ಹತ್ತೊಂಬತ್ತರ ಹುಡುಗಿ ತಪ್ಪು ಬಣ್ಣದ ಕೊಳವೆಗಳನ್ನು ಒಂದೊಂದಾಗಿ ಕೊಂಡು, ಎಸೆದು ಕಲಿಯುತ್ತಾಳೆ. ಅಗ್ಗದ ಸರಕಿನಲ್ಲಿ ಬಣ್ಣದ ಆಯ್ಕೆ ಕಡಿಮೆ. ಇದ್ದದ್ದರಲ್ಲೂ ಬಿಳಿಯದನ್ನೇ ಮುಂದಿಡುವ ಚಾಳಿ ನಮ್ಮ ಅಂಗಡಿಗಳಿಗಿದೆ. ಕೈಗೆ ಹಚ್ಚಿ, ಬೆಳಕಿನಲ್ಲಿ ನೋಡಿಕೊಳ್ಳಲು ಐದು ನಿಮಿಷ ಬಿಟ್ಟರೆ ಆಕೆಗೆ ಉಳಿಯುವ ಹಣ, ಎಷ್ಟೋ ಹಬ್ಬದ ರಿಯಾಯಿತಿಗಳಿಗಿಂತ ಹೆಚ್ಚು. ಬಿಡದಿದ್ದರೆ ಆಕೆ ಸಂಜೆಯ ಸಂತೆಯಲ್ಲಿ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಅವಧಿ ದಿನಾಂಕ ಯಾವುದೂ ಇಲ್ಲದ ಡಬ್ಬಿಯನ್ನು ಕೊಳ್ಳುತ್ತಾಳೆ. ದಿನವೂ ಕ್ಷೌರಗೊಂಡ ಚರ್ಮದ ಮೇಲೆ ಅಂತಹುದರ ಪರಿಣಾಮವೇನೆಂದು ವಿವರಿಸಬೇಕಿಲ್ಲ.

ತೆರಿಗೆಯ ಮಾತನ್ನೂ ಹೇಳಿಬಿಡಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಶೇ. 5ರ ದರಕ್ಕೆ ಒಳಪಡುವ ಸಿದ್ಧ ಉಡುಪಿನ ಮಿತಿ 1,000 ರೂಪಾಯಿಯಿಂದ 2,500 ರೂಪಾಯಿಗೆ ಏರಿತು. ಮುಖದ ಪೌಡರ್ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಕುಂಕುಮ, ಬಿಂದಿ, ಗಾಜಿನ ಬಳೆಗಳಿಗೆ ಮೊದಲಿನಿಂದಲೂ ತೆರಿಗೆಯಿಲ್ಲ. ಲಿಪ್‌ಸ್ಟಿಕ್, ಫೌಂಡೇಶನ್‌ಗಳು ಶೇ. 18ರಲ್ಲೇ ಉಳಿದವು. ಸರ್ಕಾರ ತನ್ನ ಪಾಲಿನಲ್ಲಿ ಒಂದಿಷ್ಟು ಇಳಿಸಿದೆ ಎಂದಾಯಿತು.

ಇತರ ಗಿರಾಕಿಗಳು ಆಕ್ಷೇಪಿಸುತ್ತಾರೆ, ಟ್ರಯಲ್ ರೂಮಿನ ಮುಂದೆ ಗಲಾಟೆಯಾಗುತ್ತದೆ ಎಂಬ ವರ್ತಕರ ಅಳುಕನ್ನು ತಳ್ಳಿಹಾಕುವಂತಿಲ್ಲ. ಒಬ್ಬರ ಮಾತಿಗೆ ಹತ್ತು ಜನ ಸೇರುವ ಊರು ಇದು. ಆದರೆ ಪರಿಹಾರ ಕಠಿಣವಲ್ಲ: 'ಗಂಡಸರಿಗೆ', 'ಹೆಂಗಸರಿಗೆ' ಎಂಬ ಫಲಕಗಳನ್ನು ತೆಗೆದು, ಒಳಗಿನಿಂದ ಚಿಲಕವಿರುವ, ಒಬ್ಬರೇ ನಿಲ್ಲಬಹುದಾದ ಕೋಣೆಯನ್ನು ಎಲ್ಲರಿಗೂ ಬಿಟ್ಟರೆ ಆಯಿತು. ಸಣ್ಣ ಅಂಗಡಿಯಲ್ಲಿ ಕೋಣೆಯೇ ಇಲ್ಲದಿದ್ದರೆ, ಬಿಲ್ ತೋರಿಸಿದವರಿಗೆ ಅಳತೆ ಬದಲಿಸಿಕೊಡುವ ಸೌಲಭ್ಯವಿರಲಿ. ಈ ಸಮುದಾಯಕ್ಕೆಂದೇ ಪ್ರತ್ಯೇಕ ವೇಳೆ ಗೊತ್ತುಪಡಿಸುವ ಸಲಹೆ ಮಾತ್ರ ಒಪ್ಪತಕ್ಕದ್ದಲ್ಲ. ಹಿಂಬಾಗಿಲಿನಿಂದ ಕರೆದಂತೆಯೇ ಅದು. ಅಲ್ಲದೆ, ಸಾರ್ವಜನಿಕರಿಗೆ ದೊರೆಯುವ ಸರಕು ಸೇವೆಗಳನ್ನು ಇವರಿಗೆ ನಿರಾಕರಿಸುವುದನ್ನಾಗಲಿ, ಒದಗಿಸುವಲ್ಲಿ ಅನ್ಯಾಯವಾಗಿ ನಡೆದುಕೊಳ್ಳುವುದನ್ನಾಗಲಿ 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯ 3ನೇ ಪ್ರಕರಣ ನಿಷೇಧಿಸಿದೆ. 'ಗ್ರಾಹಕನೇ ದೇವರು' ಎಂಬ ಫಲಕವನ್ನು ಗಲ್ಲಾದ ಮೇಲೆ ತೂಗುಹಾಕಿದವರಿಗೆ ಕಾಯ್ದೆಯನ್ನು ಓದಿಹೇಳಬೇಕಾದ ಸಂದರ್ಭ ಬರಬಾರದಿತ್ತು.

ಇದರಲ್ಲಿ ಹೊಸ ವ್ಯಾಪಾರಕ್ಕೂ ಎಡೆಯಿದೆ. ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲು ಸಂಸ್ಕರಣೆಗೆ ಹೆಸರಾದ ಊರು. ಅಲ್ಲಿ ಹದಗೊಂಡ ಕೂದಲು ಹೊರದೇಶಗಳಿಗೆ ಹೋಗುತ್ತದೆ. ಅದೇ ಜಿಲ್ಲೆಯ ಹುಡುಗಿಯೊಬ್ಬಳಿಗೆ ಕೈಗೆಟುಕುವ ದರದಲ್ಲಿ ಒಳ್ಳೆಯ ವಿಗ್ ದೊರೆಯುವಂತೆ ಮಾಡಲು ಸ್ಥಳೀಯ ಉದ್ಯಮಿಗಳು ಮನಸ್ಸು ಮಾಡಬಹುದು. ಅಗಲ ಭುಜದ ನಾಲ್ಕಾರು ರವಿಕೆಗಳನ್ನು, ಒಂಬತ್ತು ಹತ್ತರ ಹೆಂಗಸರ ಚಪ್ಪಲಿಗಳನ್ನು ಪ್ರತಿ ಪೇಟೆಯಲ್ಲಿ ಒಂದೆರಡು ಅಂಗಡಿಗಳಾದರೂ ದಾಸ್ತಾನಿರಿಸಿದರೆ ಹುಡುಕಿಕೊಂಡು ಬರುವವರಿದ್ದಾರೆ. ದಸರಾ, ದೀಪಾವಳಿಯ ಹಂಗಾಮಿಗೆ ಅಂಗಡಿಗಳು ಪ್ರತಿವರ್ಷ ಹೆಚ್ಚುವರಿ ಸಿಬ್ಬಂದಿಯನ್ನು ತೆಗೆದುಕೊಳ್ಳುತ್ತವೆ. ಪ್ರಸಾಧನದ ಕೌಂಟರಿಗೆ ಈ ಸಮುದಾಯದ ಯುವತಿಯೊಬ್ಬಳನ್ನು ಈ ಸಾಲಿನಲ್ಲೇ ನೇಮಿಸಿಕೊಳ್ಳಬಹುದು. ಯಾವ ಮೈಬಣ್ಣಕ್ಕೆ ಯಾವ ಕೊಳವೆ ಎಂಬುದನ್ನು ಕೈಯಿಂದ ಹಣ ಕಳೆದುಕೊಂಡು ಕಲಿತವಳು ಆಕೆ.