ಬಲವೂ ವೇಗವೂ

ಅಮರಸಿಂಹನು ತನ್ನ ಕೋಶದಲ್ಲಿ ‘ತರಸ್’ ಎಂಬ ಶಬ್ದವನ್ನು ಎರಡು ಕಡೆ ಹೇಳಿರುವನು. ವೇಗವಾಚಕಗಳಲ್ಲಿ ಒಮ್ಮೆ, ಬಲವಾಚಕಗಳಲ್ಲಿ ಇನ್ನೊಮ್ಮೆ. ಆದಕಾರಣ ‘ತರಸ್ವಿ’ ಎಂದರೆ ಬಲಶಾಲಿಯೆಂದೂ ಆಗುವುದು, ವೇಗಶಾಲಿಯೆಂದೂ ಆಗುವುದು. ಹಾಗಾದರೆ ಬಲವಿದ್ದವನಿಗೆ ವೇಗವು ತಾನಾಗಿಯೇ ಬರತಕ್ಕದ್ದೇ?

ಈ ಪ್ರಶ್ನೆಯು ಈಗ ವೈಟ್‌ಫೀಲ್ಡಿನ ಒಂದು ಮನೆಯಲ್ಲಿ ಕಲಹಕ್ಕೆ ಕಾರಣವಾಗಿರುವುದು. ಕಂಪ್ಯೂಟರ್ ಕಂಪೆನಿಗಳಲ್ಲಿ ದುಡಿಯುವ ಕೆಲವು ತರುಣರು ಶನಿವಾರದ ಸಂಜೆ ಅಲ್ಲಿ ಕಲೆತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಆಡುವರು. ಇದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದುದು. ಒಬ್ಬನು ಯೋಧ, ಒಬ್ಬನು ಕಳ್ಳ, ಮತ್ತೊಬ್ಬನು ಮಂತ್ರವಾದಿ. ಬಲ, ಲಾಘವ, ಬುದ್ಧಿ ಮೊದಲಾದವಕ್ಕೆ ಅಂಕಗಳನ್ನು ಬರೆದುಕೊಂಡು, ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುತ್ತ, ದಾಳವುರುಳಿಸಿ ಕಥೆಯನ್ನು ನಡೆಸುವರು. ನಮ್ಮ ತಾಳಮದ್ದಲೆಗೆ ಪಗಡೆಯ ದಾಳವನ್ನು ಕೂಡಿಸಿದಂತೆ ಎಂದರೆ ವಾಚಕರಿಗೆ ಒಂದಿಷ್ಟು ತಿಳಿದೀತು. ಹುಡುಗರು ಕೆಟ್ಟುಹೋದರೆಂದು ಮನೆಯ ಹಿರಿಯರು ಹೆದರಬೇಕಾದುದಿಲ್ಲ.

ಯೋಧನ ಪಾತ್ರದವನು, ಬಲದ ಅಂಕವು ಹೆಚ್ಚಿದಂತೆಲ್ಲ ನಡಿಗೆಗೂ ಐದೈದು ಅಡಿ ಸೇರಬೇಕೆಂದು ಹಟ ಹಿಡಿದನು. ಕಳ್ಳನ ಪಾತ್ರದವನು, ಹಾಗಾದರೆ ತಾನು ಇನ್ನು ಆಟಕ್ಕೆ ಬರುವುದಿಲ್ಲವೆಂದನು. ಅವನ ಸಿಟ್ಟು ನ್ಯಾಯವಾದುದೇ. ಕೃಶನಾದವನಿಗೆ ಓಟವೊಂದೇ ರಕ್ಷೆ; ಅದನ್ನೂ ಬಲಿಷ್ಠನಿಗೆ ಕೊಟ್ಟಮೇಲೆ ಅವನ ಪಾತ್ರಕ್ಕೆ ಉಳಿಯುವುದೇನು?

2014ರ ಐದನೆಯ ಆವೃತ್ತಿಯ ನಿಯಮವು ಈ ವಿಷಯದಲ್ಲಿ ಸಾಕಷ್ಟು ವಿವೇಕದಿಂದ ಕೂಡಿದೆ. ಬಲವು ಎಷ್ಟೇ ಇರಲಿ, ಮನುಷ್ಯಪಾತ್ರಕ್ಕೆ ಆರು ಸೆಕೆಂಡಿಗೆ 30 ಅಡಿ ನಡೆ. ಆದರೆ ಬೇಕಾದವರು ಬಳಸಲೆಂದು ಹೊರೆಯ ನಿಯಮವೊಂದನ್ನೂ ಅದರಲ್ಲಿ ಕೊಟ್ಟಿದೆ. ಬಲದ ಅಂಕದ ಐದರಷ್ಟು ಪೌಂಡನ್ನು ಹೊರೆಯು ಮೀರಿದರೆ 10 ಅಡಿ ಕಡಿತ, ಹತ್ತರಷ್ಟನ್ನು ಮೀರಿದರೆ 20 ಅಡಿ ಕಡಿತ. ಇದನ್ನು ಒಂದು ಸಿಮೆಂಟು ಚೀಲಕ್ಕೆ ಹಚ್ಚಿ ನೋಡೋಣ. ಚೀಲವು 50 ಕಿಲೋಗ್ರಾಂ, ಎಂದರೆ ಸುಮಾರು 110 ಪೌಂಡು. ಬಲ 10 ಇರುವ ಸಾಮಾನ್ಯನು ಅದನ್ನು ಹೊತ್ತರೆ ಅವನ ನಡೆ 10 ಅಡಿಗೆ ಇಳಿಯುವುದು. ಬಲ 16 ಇರುವವನದು 20 ಅಡಿ. ಬರಿಗೈಯಲ್ಲಿ ಸಮವಾಗಿದ್ದ ಇಬ್ಬರಲ್ಲಿ, ಹೊರೆ ಬಿದ್ದೊಡನೆ ಒಬ್ಬನು ಇನ್ನೊಬ್ಬನ ಎರಡರಷ್ಟು ವೇಗದವನಾದನು.

ಪೀಣ್ಯದಲ್ಲಿ ಲಾರಿಯಿಂದ ಮೂಟೆಯಿಳಿಸುವ ಹಮಾಲಿಗಳನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಬರಿಗೈಯಲ್ಲಿ ಓಡಿದರೆ ಹಮಾಲಿಯನ್ನು ಶಾಲೆಯ ಹುಡುಗನು ಹಿಂದೆ ಹಾಕಿಯಾನು. ಹೆಗಲಮೇಲೆ ಮೂಟೆ ಬಿದ್ದಾಗ ಹುಡುಗನು ನಿಂತಲ್ಲೇ ನಿಲ್ಲುವನು, ಹಮಾಲಿಯು ನಡೆದೇ ನಡೆಯುವನು. ಅರಗಿನ ಮನೆಯಿಂದ ಪಾರಾದ ರಾತ್ರಿ ಭೀಮಸೇನನು ತಾಯಿಯನ್ನೂ ಸೋದರರನ್ನೂ ಹೊತ್ತು ಗಾಳಿಯಂತೆ ನಡೆದನಷ್ಟೆ; ಅವನ ತರಸ್ಸು ಬಲವೆಂದೂ ವೇಗವೆಂದೂ ಒಮ್ಮೆಗೇ ಕಾಣಿಸಿಕೊಂಡುದು ಅಂತಹ ಹೊರೆಯ ಕೆಳಗೆ.

ಓಟಗಾರನ ತೊಡೆಗೂ ಬಲ ಬೇಡವೇ ಎಂದು ಯೋಧನು ಕೇಳಿದನಂತೆ. ಬೇಕು. ಆದರೆ ಅವನ ದೇಹವೇ ಅವನಿಗೆ ಮೊದಲನೆಯ ಹೊರೆ. ಬಲವು ಬೆಳೆದಷ್ಟೇ ಮೈಯ ತೂಕವೂ ಬೆಳೆದರೆ ಲಾಭವೆಲ್ಲಿ? ಗರಡಿಯ ಪೈಲ್ವಾನನು ಓಟದ ಪಂದ್ಯದಲ್ಲಿ ಗೆಲ್ಲದಿರುವುದು ಇದರಿಂದಲೇ.

ಆದುದರಿಂದ ನಾವು ಆ ತರುಣರಿಗೆ ಹೇಳಿಕಳುಹಿಸಿದುದು ಇಷ್ಟು: ಬರಿಗೈಯ ನಡೆಯನ್ನು ಮುಟ್ಟಬೇಡಿರಿ; ಹೊರೆಯ ನಿಯಮವನ್ನು ಎಲ್ಲರಿಗೂ ಕಡ್ಡಾಯಮಾಡಿ, ಕತ್ತಿ, ಕವಚ, ಹಗ್ಗ, ಬುತ್ತಿ ಎಲ್ಲವನ್ನೂ ತೂಗಿ ಬರೆಯಿರಿ. ಪ್ರತಿಸಲವೂ ತೂಕ ಕೂಡುವುದು ಬೇಸರದ ಕೆಲಸವೆಂದು ಗೊಣಗಿದರಂತೆ. ದಿನವೆಲ್ಲ ಲೆಕ್ಕದ ಯಂತ್ರದ ಮುಂದೆ ಕುಳಿತವರ ಬಾಯಲ್ಲಿ ಈ ಮಾತು! ಅದಿರಲಿ, ಕಳ್ಳನು ಮುಂದಿನ ಶನಿವಾರ ಬರಲು ಒಪ್ಪಿರುವನು. ಗುಹೆಯಿಂದ ತಂದ ಬೆಳ್ಳಿಯ ಗಂಟನ್ನು ಯಾರು ಹೊರಬೇಕೆಂಬ ಚರ್ಚೆ ಈಗ ನಡೆದಿದೆ.